ಕುತ್ತಿಗೆಗೆ ಬೆಲ್ಟ್, ತಲೆಗೆ ಬಳೆ: ಹೋಗೋದು ತಲೆನೋವಾ, ದುಡ್ಡಾ?

ಸಾಗರ: ರಾತ್ರಿ ಎಂಟೂವರೆಗೆ ಶಟರ್ ಎಳೆದು, ಲೆಕ್ಕದ ಪುಸ್ತಕ ಮುಚ್ಚಿ, ಮೊಬೈಲ್ ತೆಗೆದರೆ ಮೊದಲು ಬರೋದೇ ಆ ಜಾಹೀರಾತು. ಕುತ್ತಿಗೆ ಬಗ್ಗಿದ ಮನುಷ್ಯನ ಚಿತ್ರ, ಕೆಂಪು ಬಾಣದ ಗುರುತು, ಪಕ್ಕದಲ್ಲಿ ನೆಟ್ಟಗೆ ನಿಂತ ಅದೇ ಮನುಷ್ಯ. 'ದಿನಕ್ಕೆ ಹತ್ತು ನಿಮಿಷ, ತಲೆನೋವು ಮಾಯ'. ಬೆಳಗ್ಗೆಯಿಂದ ಗಲ್ಲಾಪೆಟ್ಟಿಗೆ ಮುಂದೆ ತಲೆ ಬಗ್ಗಿಸಿ ಕೂತವರಿಗೆ ಅದು ತಮಗೇ ಹೇಳಿದ ಹಾಗೆ ಕಾಣುತ್ತೆ. ಬೆರಳು ಒತ್ತಿದರೆ ಮುಗೀತು, ನಾಲ್ಕು ದಿನದಲ್ಲಿ ಪಾರ್ಸೆಲ್ ಬಾಗಿಲಿಗೆ.

ನಮ್ಮ ತಾಲ್ಲೂಕಲ್ಲಿ ಕುತ್ತಿಗೆ ಬಗ್ಗಿಸದೇ ಹೊಟ್ಟೆ ತುಂಬೋ ಕೆಲಸ ಹುಡುಕಬೇಕು. ಅಡಿಕೆ ಸೀಜನ್‌ನಲ್ಲಿ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿವರೆಗೂ ಕಣ್ಣು ಕೆಳಗೇ. ಗುಡಿಗಾರರು ಮರದ ಮೇಲೆ ಎಳೆಯಷ್ಟು ಸಣ್ಣ ಕುಸುರಿ ಮಾಡೋವಾಗ ಮುಖ ಕೆಲಸಕ್ಕೆ ಒಂದು ಗೇಣು ದೂರ ಇರುತ್ತೆ ಅಷ್ಟೇ. ಟೈಲರ್, ಮೊಬೈಲ್ ರಿಪೇರಿ ಹುಡುಗರು, ಚಿನ್ನದ ಕೆಲಸದವರು, ಬ್ಯಾಂಕ್ ಕ್ಯಾಶಿಯರ್ ಎಲ್ಲರದ್ದೂ ಅದೇ ಭಂಗಿ. ಬೈಕ್ ಓಡಿಸ್ತಾ ಭುಜ ಮತ್ತು ಕಿವಿ ಮಧ್ಯೆ ಮೊಬೈಲ್ ಸಿಕ್ಕಿಸಿಕೊಂಡು ಮಾತಾಡೋರ ಕುತ್ತಿಗೆ ಬಗ್ಗೆ ಹೇಳೋದೇ ಬೇಡ.

ಹಾಗಾದ್ರೆ ಈ ಸಾಧನಗಳು ಕೆಲಸ ಮಾಡ್ತಾವಾ? ಕೆಲವು ಮಾಡ್ತಾವೆ, ಬಹಳಷ್ಟು ಮಾಡಲ್ಲ. ಯಾವುದು ಯಾಕೆ ಅಂತ ಗೊತ್ತಾಗಬೇಕಾದ್ರೆ ಕುತ್ತಿಗೆ ಒಳಗೆ ಏನಾಗುತ್ತೆ ಅನ್ನೋದನ್ನ ನೋಡಬೇಕು.

ಐದು ಕೆಜಿ ತಲೆ

ದೊಡ್ಡವರ ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕೆಜಿ. ನೆಟ್ಟಗೆ ಇದ್ದಾಗ ಆ ಭಾರ ಮೂಳೆಗಳ ಮೇಲೆ ನೇರ ಕೂರುತ್ತೆ. ಮುಂದಕ್ಕೆ ಬಗ್ಗಿದ ಕೂಡಲೇ ಹಿಂದಿನ ಸ್ನಾಯುಗಳು ಹಗ್ಗದ ಹಾಗೆ ಹಿಡಿದು ನಿಲ್ಲಿಸಬೇಕು. ತುಂಬಿದ ಕೊಡವನ್ನ ಎದೆಗೆ ಅವುಚಿಕೊಂಡು ಹಿಡಿಯೋದಕ್ಕೂ ಕೈ ಚಾಚಿ ಹಿಡಿಯೋದಕ್ಕೂ ಇರೋ ವ್ಯತ್ಯಾಸ ಇದು.

ಜಾಹೀರಾತುಗಳಲ್ಲಿ ಬರೋ '27 ಕೆಜಿ ಭಾರ' ಅನ್ನೋ ಲೆಕ್ಕ ಅಮೆರಿಕದ ಬೆನ್ನುಮೂಳೆ ಸರ್ಜನ್ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಪ್ರಕಟಿಸಿದ್ದು. ತಲೆ 15 ಡಿಗ್ರಿ ಬಗ್ಗಿದರೆ ಕುತ್ತಿಗೆ ಮೇಲೆ ಸುಮಾರು 12 ಕೆಜಿಯಷ್ಟು ಒತ್ತಡ, 30 ಡಿಗ್ರಿಗೆ 18, 60 ಡಿಗ್ರಿಗೆ 27 ಅಂತ ಅವರು ತೋರಿಸಿದ್ರು. ಆದ್ರೆ ಅದು ಕಂಪ್ಯೂಟರ್ ಮಾದರಿಯ ಲೆಕ್ಕ, ಯಾರದ್ದೋ ಕುತ್ತಿಗೆಗೆ ಯಂತ್ರ ಕಟ್ಟಿ ಅಳೆದಿದ್ದಲ್ಲ. ಬಗ್ಗಿದವರಿಗೆಲ್ಲ ನೋವು ಬಂದೇ ಬರುತ್ತೆ ಅಂತಾನೂ ಇಲ್ಲ. ಜಾಹೀರಾತಿನವರು ಆ ಸಂಖ್ಯೆ ಮಾತ್ರ ಇಟ್ಟುಕೊಂಡು ಉಳಿದಿದ್ದನ್ನ ಬಿಟ್ಟಿದ್ದಾರೆ.

ಕುತ್ತಿಗೆಯಿಂದ ತಲೆನೋವು ಬರೋದು ಮಾತ್ರ ನಿಜ. ಕುತ್ತಿಗೆಯ ಮೇಲಿನ ಮೂರು ನರಗಳು ಮತ್ತು ಮುಖ, ಹಣೆ, ಕಣ್ಣಿನ ಸುತ್ತಲಿನ ಸಂವೇದನೆ ಹೊತ್ತು ತರೋ ನರ ಮೆದುಳಿನ ಬುಡದಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಹಾಗಾಗಿ ನೋವು ಹುಟ್ಟಿದ್ದು ಕತ್ತಿನ ಹಿಂದೆ ಆದ್ರೂ ಮೆದುಳು ಅದನ್ನ ಕಣ್ಣಿನ ಮೇಲೆ ಅಂತ ಓದಿಕೊಳ್ಳುತ್ತೆ. ಇಂಥ ನೋವು ಸಾಮಾನ್ಯವಾಗಿ ಒಂದೇ ಬದಿಗಿರುತ್ತೆ, ಕತ್ತಿನ ಬುಡದಿಂದ ಮುಂದಕ್ಕೆ ಹತ್ತುತ್ತೆ, ಕುತ್ತಿಗೆ ತಿರುಗಿಸಿದರೆ ಹೆಚ್ಚಾಗುತ್ತೆ.

ಇಂಥ ತಲೆನೋವು ಇರೋರಲ್ಲಿ ಹೆಚ್ಚಾಗಿ ಸೋತಿರೋದು ಹಿಂದಿನ ದಪ್ಪ ಸ್ನಾಯು ಅಲ್ಲ. ಗಂಟಲಿನ ಹಿಂಬದಿ, ಕುತ್ತಿಗೆ ಮೂಳೆಗೆ ಅಂಟಿಕೊಂಡಿರೋ ಸಣ್ಣ ಒಳಸ್ನಾಯುಗಳು. ತಲೆಯನ್ನ ಜಾಗದಲ್ಲಿ ಹಿಡಿದಿಡೋದು ಅವುಗಳ ಕೆಲಸ. ಅವು ಸೋತಾಗ ಮೇಲಿನ ದೊಡ್ಡ ಸ್ನಾಯುಗಳು ಆ ಕೆಲಸವನ್ನೂ ಹೊತ್ತುಕೊಂಡು ಸದಾ ಬಿಗಿಯಾಗಿರುತ್ತವೆ.

ಪೆಟ್ಟಿಗೆಯಲ್ಲಿ ಬರೋದು ಏನು?

ಅತಿ ಹೆಚ್ಚು ಮಾರಾಟ ಆಗೋದು ಭುಜಕ್ಕೆ ಹಾಕೋ ಪಟ್ಟಿ, 'ಪಾಶ್ಚರ್ ಬೆಲ್ಟ್'. ಮುನ್ನೂರು, ನಾನೂರು ರೂಪಾಯಿಯಿಂದ ಶುರು. ಹಾಕಿಕೊಂಡಾಗ ಭುಜ ಹಿಂದೆ ಹೋಗುತ್ತೆ, ನಿಜ. ಆದ್ರೆ ಎಳೀತಿರೋದು ಪಟ್ಟಿ, ಸ್ನಾಯು ಅಲ್ಲ. ಬಿಚ್ಚಿದರೆ ಮೊದಲಿನ ಹಾಗೇ. ನೆಟ್ಟಗೆ ಕೂರೋಕೆ ನೆನಪು ಮಾಡುತ್ತೆ ಅಂತ ದಿನಕ್ಕೆ ಸ್ವಲ್ಪ ಹೊತ್ತು ಹಾಕಿದರೆ ತೊಂದರೆ ಇಲ್ಲ, ಅದರಿಂದ ಬಲ ಬರುತ್ತೆ ಅಂದುಕೊಂಡರೆ ತಪ್ಪು. ಕತ್ತಿಗೆ ಸುತ್ತೋ ಮೆತ್ತನೆ ಕಾಲರ್ ಕೂಡ ಇದೇ ಜಾತಿ. ಡಾಕ್ಟರ್ ಹೇಳದೆ ವಾರಗಟ್ಟಲೆ ಹಾಕಿಕೊಂಡು ಓಡಾಡಿದರೆ ಸ್ನಾಯು ಇನ್ನೂ ಸೊರಗುತ್ತೆ.

ಎರಡನೇದು ನೀಲಿ, ಕಪ್ಪು ಬಣ್ಣದ ಗಟ್ಟಿ ಫೋಮಿನ ದಿಂಬು. ಮಲಗಿ ಕತ್ತಿನ ಕೆಳಗೆ ಇಟ್ಟರೆ ಕುತ್ತಿಗೆ ಹಿಗ್ಗುತ್ತೆ. ಗಾಳಿ ತುಂಬೋ ಕಾಲರ್ ಮಾಡೋದೂ ಇದನ್ನೇ. ಕೆಲವರಿಗೆ ಹತ್ತು ನಿಮಿಷ ಹಾಯ್ ಅನ್ನಿಸುತ್ತೆ. ಇದು ಎಳೆಯೋ ಸಾಧನ, ಬಲ ಕೊಡೋದಲ್ಲ. ಮೂಳೆ ಸವೆತ, ಸಂಧಿವಾತ ಇರೋರು, ಕುತ್ತಿಗೆಗೆ ಪೆಟ್ಟು ಬಿದ್ದಿರೋರು ಕೇಳದೆ ಉಪಯೋಗಿಸಬಾರದು.

ಕತ್ತಿನ ಸುತ್ತ ಹೆಡ್‌ಫೋನ್ ಥರ ಕೂತು 'ಜುಮ್' ಅನ್ನೋ ಪಲ್ಸ್ ಮಸಾಜರ್ ಮೂರನೇದು. ಸಣ್ಣ ಕರೆಂಟು, ಸ್ವಲ್ಪ ಶಾಖ. ನೋವು ಸ್ವಲ್ಪ ಹೊತ್ತು ಮರೆಯಾಗಬಹುದು, ಆದ್ರೆ ಕೂರೋ ಭಂಗಿ ಅದರಿಂದ ಬದಲಾಗಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇದನ್ನ ಮುಟ್ಟಲೇಬಾರದು. ಗಲ್ಲದ ಕೆಳಗೆ ಇಟ್ಟು ಒತ್ತೋ ಸ್ಪ್ರಿಂಗ್ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ, ಅದು ಮುಖ ತೆಳ್ಳಗೆ ಕಾಣಲಿ ಅನ್ನೋರ ಆಸೆ ಮೇಲೆ ನಡೀತಿರೋ ವ್ಯಾಪಾರ.

ನಿಜವಾಗಿ ಬಲ ಬೆಳೆಸೋ ಸಾಧನ ಬೇರೆ. ತಲೆಗೆ ಪಟ್ಟಿ ಹಾಕಿ ತೂಕ ನೇತುಹಾಕೋ ಹಾರ್ನೆಸ್ ಇದೆ. ಅಮೆರಿಕದಿಂದ ಬರೋ ಐರನ್ ನೆಕ್ ಅನ್ನೋದು ತಲೆಗೆ ಬಳೆ ಥರ ಕೂರುತ್ತೆ, ಅದಕ್ಕೆ ಎಲಾಸ್ಟಿಕ್ ಕಟ್ಟಿ ಎಲ್ಲಾ ದಿಕ್ಕಿಗೂ ಎಳೆದು ವ್ಯಾಯಾಮ ಮಾಡಬೇಕು. ಬೆಲೆ ನೂರಾರು ಡಾಲರ್. ಮಾಡಿರೋದು ಕುಸ್ತಿ, ಬಾಕ್ಸಿಂಗ್, ಅಮೆರಿಕನ್ ಫುಟ್‌ಬಾಲ್ ಆಡೋರಂಥವರಿಗೆ. ನಮ್ಮ ಹಳೇ ಗರಡಿಗಳಲ್ಲಿ ಪೈಲ್ವಾನರು ಕುತ್ತಿಗೆಗೆ ಕಲ್ಲಿನ ಬಳೆ ಹಾಕಿ ಬೈಠಕ್ ಹೊಡೀತಿದ್ದದ್ದೂ ಇದೇ ವಿದ್ಯೆ. ಆದ್ರೆ ಪೈಲ್ವಾನ್ ವರ್ಷಗಟ್ಟಲೆ ಮಣ್ಣಲ್ಲಿ ಬೆಳೆಸಿದ ಕುತ್ತಿಗೆಗೆ ಹಾಕೋ ಭಾರವನ್ನ ಕಿರಾಣಿ ಅಂಗಡಿಯವರು ಮೊದಲ ದಿನವೇ ಹಾಕಿಕೊಂಡರೆ ಇದ್ದ ನೋವು ಡಬಲ್ ಆಗುತ್ತೆ.

ಫಿಸಿಯೋಥೆರಪಿಸ್ಟ್ ಹತ್ರ ಇರೋ ಸಾಧನ ನೋಡೋಕೆ ಬಿಪಿ ನೋಡೋ ಪಟ್ಟಿ ಥರ ಇರುತ್ತೆ. ಮಲಗಿಸಿ ಕತ್ತಿನ ಕೆಳಗೆ ಸಣ್ಣ ಗಾಳಿಚೀಲ ಇಟ್ಟು, ಮುಳ್ಳು 20ಕ್ಕೆ ನಿಲ್ಲಿಸಿ, 'ಹೂಂ' ಅಂತ ತಲೆ ಆಡಿಸೋ ಹಾಗೆ ಗಲ್ಲ ಒಳಗೆ ತಗೊಳ್ಳಿ ಅಂತಾರೆ. ಮುಳ್ಳು 22, 24 ಅಂತ ಎರಡೆರಡೇ ಏರಿ 30ರವರೆಗೆ ಹೋಗಬೇಕು. ಹೊರಗಿನ ಸ್ನಾಯು ಬಿಗಿ ಮಾಡದೆ ಒಳಸ್ನಾಯುವನ್ನ ಎಬ್ಬಿಸೋ ಪಾಠ ಇದು. ಮಾಡಿ ನೋಡಿದವರಿಗೇ ಗೊತ್ತು ಅದು ಎಷ್ಟು ಕಷ್ಟ ಅಂತ.

ಪುರಾವೆ ಇರೋದು ಯಾವುದಕ್ಕೆ?

2002ರಲ್ಲಿ ಆಸ್ಟ್ರೇಲಿಯಾದಲ್ಲಿ ಕುತ್ತಿಗೆಯಿಂದ ತಲೆನೋವು ಬರೋ 200 ಜನರ ಮೇಲೆ ಅಧ್ಯಯನ ನಡೀತು. ಮೇಲೆ ಹೇಳಿದ ಥರದ ಹಗುರ ವ್ಯಾಯಾಮವನ್ನ ಆರು ವಾರ ಮಾಡಿದವರಿಗೆ ತಲೆನೋವು ಬರೋದೂ ಕಡಿಮೆ ಆಯ್ತು, ಬಂದಾಗಿನ ತೀವ್ರತೆಯೂ ಇಳೀತು. ಒಂದು ವರ್ಷದ ನಂತರವೂ ಆ ಲಾಭ ಉಳಿದಿತ್ತು. ಮರುವರ್ಷ ಫಿನ್ಲೆಂಡ್‌ನಲ್ಲಿ ಬಹಳ ಕಾಲದಿಂದ ಕುತ್ತಿಗೆ ನೋವಿದ್ದ 180 ಆಫೀಸ್ ಮಹಿಳೆಯರ ಅಧ್ಯಯನ ಬಂತು. ಎಲಾಸ್ಟಿಕ್ ಪಟ್ಟಿಯನ್ನ ತಲೆಗೆ ಹಾಕಿ ಕುತ್ತಿಗೆಗೆ ಬಲದ ವ್ಯಾಯಾಮ ಮಾಡಿದವರಲ್ಲಿ ವರ್ಷದ ಕೊನೆಗೆ 73% ಮಂದಿ ನೋವು ಬಹಳಷ್ಟು ಅಥವಾ ಪೂರ್ತಿ ಹೋಗಿದೆ ಅಂದ್ರು. ಇನ್ನೊಂದು ಗುಂಪಿಗೆ ಸ್ಟ್ರೆಚಿಂಗ್, ನಡಿಗೆಯಂಥದ್ದು ಮಾಡಿ ಅಂತ ಮಾತ್ರ ಹೇಳಿದ್ರು, ಅಲ್ಲಿ ಹಾಗಂದವರು 21%. ಅಂದ್ರೆ ಫಲ ಕೊಟ್ಟಿದ್ದು ಒಂದು ರಬ್ಬರ್ ಪಟ್ಟಿ, ಮತ್ತೆ ಅದನ್ನ ಬಿಡದೆ ವರ್ಷ ಮಾಡಿದ ಹಠ.

ಮನೆಯಲ್ಲಿ ಶುರು ಮಾಡೋಕೆ ಒಂದು ಟವೆಲ್ ಸಾಕು. ಸುತ್ತಿ ಕತ್ತಿನ ಕೆಳಗಿಟ್ಟು ಅಂಗಾತ ಮಲಗಿ. ತಲೆ ಎತ್ತಬೇಡಿ. ಗಲ್ಲವನ್ನ ಮೆಲ್ಲಗೆ ಗಂಟಲ ಕಡೆ ತಂದು ಹತ್ತು ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ. ಗಂಟಲಿನ ಎರಡೂ ಬದಿಯ ದಪ್ಪ ಸ್ನಾಯು ಉಬ್ಬಿ ಗಟ್ಟಿಯಾದರೆ ಜೋರು ಜಾಸ್ತಿ ಆಯ್ತು ಅಂತ ಅರ್ಥ. ಎರಡು ವಾರ ಇದು ಸಲೀಸಾದ ಮೇಲೆ ಕೂತುಕೊಂಡು ಹಣೆಗೆ ಅಂಗೈ ಕೊಟ್ಟು ತಲೆಯಿಂದ ಒತ್ತಬಹುದು, ತಲೆ ಅಲುಗಾಡಬಾರದು. ಹಿಂದೆ, ಎಡ, ಬಲ ಹಾಗೇ. ಕೈಗೆ ಜೋಮು ಹಿಡಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಆರು ವಾರಕ್ಕೆ ಮೊದಲು ಫಲ ಕೇಳಬೇಡಿ.

ಜೊತೆಗೆ ಅಂಗಡಿಯಲ್ಲಿ ಲೆಕ್ಕದ ಪುಸ್ತಕದ ಕೆಳಗೆ ಒಂದು ಓರೆ ಹಲಗೆ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ. ಸುಲಿಯೋ ಮನೆಯಲ್ಲಿ ಮಾತು ಹಾಡು ಜೊತೆಗೆ ಆಗಾಗ ಮೈ ಮುರಿಯೋದು ಮೊದಲಿಂದಲೂ ಇತ್ತು, ಕೂಲಿ ಕೆಜಿ ಲೆಕ್ಕಕ್ಕೆ ಬಂದಾಗ ಎದ್ದೇಳೋಕೆ ಮನಸ್ಸು ಬರಲ್ಲ ಅನ್ನೋದೂ ನಿಜ.

ಎಲ್ಲ ತಲೆನೋವೂ ಕುತ್ತಿಗೆಯದ್ದಲ್ಲ

ಮೈಗ್ರೇನ್ ಇರೋರಿಗೂ ಕುತ್ತಿಗೆ ಹಿಡಿಯುತ್ತೆ. ಅವರು ಬೆಲ್ಟ್ ಹಾಕಿಕೊಂಡು ವರ್ಷ ಕಳೆದರೆ ಸರಿಯಾದ ಔಷಧಿ ಸಿಗೋದು ತಡ ಆಗುತ್ತೆ ಅಷ್ಟೇ. ಕನ್ನಡಕದ ನಂಬರ್ ಬದಲಾಗಿದ್ರೂ ತಲೆನೋವು ಬರುತ್ತೆ. ಇನ್ನೊಂದು ವಿಷಯ ನಮ್ಮ ಪೇಟೆಯಲ್ಲಿ ಯಾರೂ ಮಾತಾಡಲ್ಲ: ಮೆಡಿಕಲ್ ಶಾಪಿಂದ ತಂದ ಸಾದಾ ನೋವಿನ ಮಾತ್ರೆಯನ್ನ ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಮೂರು ತಿಂಗಳ ಮೇಲೆ ನುಂಗ್ತಾ ಹೋದರೆ ಆ ಮಾತ್ರೆಯೇ ತಲೆನೋವು ತರುತ್ತೆ. ಒಂದಕ್ಕಿಂತ ಹೆಚ್ಚು ಔಷಧಿ ಬೆರೆಸಿದ ಮಾತ್ರೆ ಆದ್ರೆ 10 ದಿನವೇ ಸಾಕು.

ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬಂದ ತಲೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಮಾತು ತೊದಲೋದು, ಕೈಕಾಲು ಸೋಲೋದು, ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವು, ಇವಕ್ಕೆ ವ್ಯಾಯಾಮ ಗೀಯಾಮ ಬೇಡ, 108ಕ್ಕೆ ಫೋನ್ ಮಾಡಿ. ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ತಲೆನೋವನ್ನೂ, ನಡೆಯೋವಾಗ ತೂರಾಡೋದನ್ನೂ ತಡ ಮಾಡದೆ ತೋರಿಸಬೇಕು.

ಕಟಿಂಗ್ ಮುಗಿದ ಮೇಲೆ 'ಲಟ್' ಅಂತ ಕುತ್ತಿಗೆ ಮುರಿಸಿಕೊಳ್ಳೋ ಅಭ್ಯಾಸವನ್ನೂ ಬಿಡೋದು ಒಳ್ಳೇದು. ಮೆದುಳಿಗೆ ರಕ್ತ ಒಯ್ಯೋ ನಾಳ ಕುತ್ತಿಗೆ ಮೂಳೆಯ ತೂತುಗಳ ಒಳಗೇ ಹಾದು ಹೋಗುತ್ತೆ. ಜೋರಾಗಿ ತಿರುಚಿದಾಗ ಅದರ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. 2024ರಲ್ಲಿ ಬಳ್ಳಾರಿ ಕಡೆಯ ಯುವಕನಿಗೆ ಹೀಗಾಗಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ವಿರಳ, ಆದ್ರೆ ಹತ್ತು ಸೆಕೆಂಡಿನ ಸುಖಕ್ಕೆ ಆ ಅಪಾಯ ಯಾಕೆ?

ತಗೊಳ್ಳೋದೇ ಆದ್ರೆ

ಹಗುರದ ಎಲಾಸ್ಟಿಕ್ ಪಟ್ಟಿ ತಗೊಳ್ಳಿ, ಅದಕ್ಕೂ ಮೊದಲು ಬಿಪಿಟಿ ಓದಿದ ಫಿಸಿಯೋಥೆರಪಿಸ್ಟ್ ಹತ್ರ ಎರಡು ಸಲ ಹೋಗಿ ಕಲಿತುಕೊಳ್ಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ಸಿಗುತ್ತೆ. ಪಾರ್ಸೆಲ್ ಮೇಲೆ ಎಂಆರ್‌ಪಿ, ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ಯಾವ ದೇಶದ್ದು ಅನ್ನೋದು ಇರಲೇಬೇಕು, ಅದು ಕಾನೂನು. ಈ ಸಾಮಾನು ತರಿಸಿ ಮಾರೋ ನಮ್ಮ ಅಂಗಡಿಯವರಿಗೂ ಇದು ಅನ್ವಯ, ವಿಳಾಸ ಇಲ್ಲದ ಡಬ್ಬ ಇಟ್ಟು ಮಾರಿದರೆ ದಂಡ ಕಟ್ಟೋದು ಅವರೇ. ಆನ್‌ಲೈನ್‌ನಲ್ಲಿ ತರಿಸೋರು ವಾಪಸ್ ತಗೊಳ್ಳೋ ನಿಯಮ ಓದಿ, ಪೆಟ್ಟಿಗೆ ಬಿಚ್ಚೋವಾಗ ವಿಡಿಯೋ ಮಾಡಿಟ್ಟುಕೊಳ್ಳಿ. ಮೋಸ ಆದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಬಿಲ್ ಕೈಯಲ್ಲಿರಲಿ.