ಮೊಸಳೆಯ ನೆಂಟ, ಡೈನೋಸಾರ್ ವೇಷ

ತಪ್ಪು ಕಲ್ಪನೆ: ಎರಡು ಕಾಲಲ್ಲಿ ಓಡುತ್ತಿದ್ದ ಪುರಾತನ ಸರೀಸೃಪ ಅಂದಮೇಲೆ ಅದು ಡೈನೋಸಾರೇ.

ಸತ್ಯ: ಎಫಿಜಿಯಾ ಎಂಬ ಸರೀಸೃಪವನ್ನು ನೋಡಿ. ಸುಮಾರು ಎರಡು ಮೀಟರ್ ಉದ್ದದ ಮೈ, ಗಿಡ್ಡ ಮುಂಗಾಲು, ದೊಡ್ಡ ಕಣ್ಣು, ಹಲ್ಲಿಲ್ಲದ ಕೊಕ್ಕು. ಉಷ್ಟ್ರಪಕ್ಷಿಯನ್ನು ಹೋಲುವ ಡೈನೋಸಾರ್‌ಗಳ ಪಡಿಯಚ್ಚು. ಆದರೆ ಆ ಡೈನೋಸಾರ್‌ಗಳು ಬಂದದ್ದು ಇದಾಗಿ ಕೋಟ್ಯಂತರ ವರ್ಷಗಳ ಮೇಲೆ. ಎಫಿಜಿಯಾ ಬದುಕಿದ್ದು 20 ಕೋಟಿ ವರ್ಷಗಳಿಗೂ ಹಿಂದೆ, ಟ್ರಯಾಸಿಕ್ ಯುಗದ ಕೊನೆಯಲ್ಲಿ, ಇಂದಿನ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ.

ಕುಲದ ಗುಟ್ಟು ಇರುವುದು ಕಾಲಿನ ಹರಡಿನಲ್ಲಿ. ಡೈನೋಸಾರ್‌ಗಳಲ್ಲಿ ಹರಡಿನ ಎರಡು ಮುಖ್ಯ ಮೂಳೆಗಳು ಮೊಣಕಾಲ ಕೆಳಗಿನ ಮೂಳೆಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಹಾಗಾಗಿ ಪಾದ ಬಾಗಿಲಿನ ಕೀಲಿನಂತೆ ಹಿಂದೆ ಮುಂದೆ ಮಾತ್ರ ಆಡುತ್ತದೆ. ಮೊಸಳೆಗಳಲ್ಲಿ ಆ ಎರಡು ಮೂಳೆಗಳ ನಡುವೆಯೇ ಕೀಲು. ಒಂದರ ಗೂಟ ಇನ್ನೊಂದರ ಗುಳಿಯಲ್ಲಿ ಕೂತು ತಿರುಗುತ್ತದೆ. ಎಫಿಜಿಯಾದ್ದು ಮೊಸಳೆಯ ಹರಡು.

ತಜ್ಞರೂ ಇಲ್ಲಿ ಏಮಾರಿದ್ದುಂಟು. ಭಾರತ ಮೂಲದ ಶಂಕರ್ ಚಟರ್ಜಿ 1993ರಲ್ಲಿ ಟೆಕ್ಸಸ್‌ನ ತಲೆಬುರುಡೆಯೊಂದಕ್ಕೆ ಮಗನ ಹೆಸರಿಟ್ಟು ಶುವೊಸಾರಸ್ ಎಂದು ಕರೆದರು, ಡೈನೋಸಾರ್ ಎಂದೇ ಬಗೆದರು. ಅಲ್ಲೇ ಸಿಕ್ಕ, ಮೊಸಳೆ ಕುಲದ ಲಕ್ಷಣವಿದ್ದ ಮೈಮೂಳೆಗಳಿಗೆ ಬೇರೆಯವರು ಚಟರ್ಜಿಯಾ ಎಂದು ಹೆಸರಿಟ್ಟರು. ತಲೆಗೊಂದು ಹೆಸರು, ಮೈಗೊಂದು! ತಲೆ, ಮೈ ಒಟ್ಟಿಗಿದ್ದ ಎಫಿಜಿಯಾ ಬೆಳಕಿಗೆ ಬಂದ ಮೇಲೆಯೇ ಎರಡೂ ಒಂದೇ ಪ್ರಾಣಿಯವೆಂದು ಖಚಿತವಾದದ್ದು.

ತಪ್ಪು ಕಲ್ಪನೆ: ಪಳೆಯುಳಿಕೆ ಪತ್ತೆಯಾಗುವುದು ನೆಲ ಅಗೆದಾಗ.

ಸತ್ಯ: ಎಫಿಜಿಯಾ ಇದ್ದ ಬಂಡೆಯನ್ನು ಅಗೆದದ್ದೇನೋ 1940ರ ದಶಕದ ಕೊನೆಯಲ್ಲಿ, ನ್ಯೂ ಮೆಕ್ಸಿಕೊದ ಘೋಸ್ಟ್ ರಾಂಚ್ ಎಂಬಲ್ಲಿ. ಪಳೆಯುಳಿಕೆ ತಜ್ಞ ಎಡ್ವಿನ್ ಕೋಲ್ಬರ್ಟ್ ತಂಡಕ್ಕೆ ಅಲ್ಲಿ ಸೀಲೋಫೈಸಿಸ್ ಎಂಬ ಪುಟ್ಟ ಡೈನೋಸಾರಿನ ಅಸ್ಥಿಪಂಜರಗಳು ರಾಶಿರಾಶಿಯಾಗಿ ಸಿಕ್ಕವು. ಬಂಡೆಗಳಿಗೆ ಪ್ಲಾಸ್ಟರ್ ಸುತ್ತಿ ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಸಾಗಿಸಿದರು. ಒಳಗಿರುವುದೆಲ್ಲ ಅದೇ ಇರಬೇಕೆಂದು ಕೆಲವನ್ನು ಬಿಚ್ಚಲೇ ಇಲ್ಲ. ಅರ್ಧ ಶತಮಾನ ದಾಟಿದ ಮೇಲೆ, ಆಗಿನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಸ್ಟರ್ಲಿಂಗ್ ನೆಸ್ಬಿಟ್ ಅವುಗಳನ್ನು ತೆರೆದು ನೋಡಿದಾಗ ಈ ಪ್ರಾಣಿ ಸಿಕ್ಕಿತು. 2006ರಲ್ಲಿ ಅವರೂ ಮಾರ್ಕ್ ನೊರೆಲ್ ಅವರೂ ಅದಕ್ಕೆ ಎಫಿಜಿಯಾ ಓಕೀಫಿಯೆ ಎಂದು ಹೆಸರಿಟ್ಟರು. ಘೋಸ್ಟ್ ರಾಂಚ್‌ನಲ್ಲಿ ನೆಲೆಸಿದ್ದ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ನೆನಪಿಗೆ. ನನ್ನ ಲೆಕ್ಕದಲ್ಲಿ ಪತ್ತೆಯಾದದ್ದು ಉಗ್ರಾಣದಲ್ಲೇ.

ತಪ್ಪು ಕಲ್ಪನೆ: ಹಾಗಾದರೆ ಇದು ಇಂದಿನ ಮೊಸಳೆಗಳ ಪೂರ್ವಜ.

ಸತ್ಯ: ಅಲ್ಲ, ದಾಯಾದಿ. ಎಫಿಜಿಯಾದ ಕವಲು ಟ್ರಯಾಸಿಕ್ ಮುಗಿಯುವ ಹೊತ್ತಿಗೆ ನಶಿಸಿತು. ನಮ್ಮ ಕಾವೇರಿಯ ಮೊಸಳೆಗಳು ಬಂದದ್ದು ಅದೇ ಕುಲದ ಇನ್ನೊಂದು ಕವಲಿನಿಂದ.