ನಾಯಿಯ ಬೆದೆ, ಬೆಕ್ಕಿನ ಬೆದೆ

ಸಿಂಧನೂರು ತಾಲ್ಲೂಕಿನ ಸಾಲಗುಂದದಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅವನ ಮನೆಯ ಹೆಣ್ಣುನಾಯಿ ಬೆದೆಗೆ ಬಂದಾಗ ಹತ್ತು ದಿನ ಅದನ್ನು ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ರಕ್ತಸ್ರಾವ ನಿಂತಿತು, ಬೆದೆ ಮುಗಿಯಿತೆಂದು ಹೊರಗೆ ಬಿಟ್ಟರು. ಎರಡು ತಿಂಗಳು ಕಳೆದ ಮೇಲೆ ಬಣವೆಯ ಮರೆಯಲ್ಲಿ ಆರು ಮರಿಗಳು! ಅವುಗಳಲ್ಲಿ ಐದು ಬೀದಿಯ ಪಾಲಾದುವು. “ರಕ್ತ ನಿಂತ ಮ್ಯಾಲೇ ಬಿಟ್ಟಿದ್ವಿ ಸರ್, ಆದ್ರೂ ಮರಿ ಹ್ಯಾಂಗ ಆದ್ವು?” ಎಂದು ಅವನು ಕೇಳಿದನು. ನಾವು ಕಲಿಸುವುದು ಭೌತಶಾಸ್ತ್ರ. ಉತ್ತರಕ್ಕಾಗಿ ಪಶುವೈದ್ಯ ಗ್ರಂಥಗಳನ್ನು ತೆರೆಯಬೇಕಾಯಿತು.

ತಪ್ಪು ಆ ಮನೆಯವರದೊಂದೇ ಅಲ್ಲ. ನಾಯಿಯ ಸ್ರಾವವನ್ನು ಸ್ತ್ರೀಯರ ಮುಟ್ಟಿನಂತೆಯೇ ಭಾವಿಸುವವರು ಬಹಳ ಮಂದಿ. ಇವೆರಡೂ ತದ್ವಿರುದ್ಧವಾದ ಸಂಗತಿಗಳು. ಸ್ತ್ರೀಯರಲ್ಲಿ ಅಂಡವು ಫಲಿಸದೆ ಹೋದ ಬಳಿಕ ಗರ್ಭಕೋಶದ ಒಳಪೊರೆ ಕಳಚಿ ರಕ್ತ ಹೋಗುತ್ತದೆ. ನಾಯಿಯಲ್ಲಾದರೋ ಅಂಡ ಹೊರಬೀಳುವುದಕ್ಕೆ ಮುಂಚೆಯೇ, ಈಸ್ಟ್ರೊಜನ್ ಎಂಬ ಹಾರ್ಮೋನಿನ ಪ್ರಭಾವದಿಂದ ಗರ್ಭಕೋಶದ ಸೂಕ್ಷ್ಮ ರಕ್ತನಾಳಗಳು ಉಬ್ಬಿ ರಕ್ತ ಒಸರುತ್ತದೆ. ಅದು ಮುಗಿತಾಯವಲ್ಲ, ಸಿದ್ಧತೆ. ಈ ಅವಸ್ಥೆ ಸರಾಸರಿ ೯ ದಿನ. ಗಂಡುನಾಯಿಗಳು ವಾಸನೆ ಹಿಡಿದು ಬಾಗಿಲಲ್ಲಿ ನೆರೆಯುತ್ತವೆ; ಆದರೆ ಹೆಣ್ಣು ಅವುಗಳನ್ನು ಗುರುಗುಟ್ಟಿ ದೂರ ಅಟ್ಟುತ್ತದೆ. ಅನಂತರ ಸ್ರಾವವು ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಇಲ್ಲವೆ ನಿಂತೇಹೋಗುತ್ತದೆ. ಆಗಲೇ ನಿಜವಾದ ಬೆದೆ! ಇನ್ನೂ ೯ ದಿನಗಳಷ್ಟು ಕಾಲ ಹೆಣ್ಣು ಬಾಲವನ್ನು ಓರೆಮಾಡಿ ಗಂಡಿಗೆ ಒಪ್ಪಿ ನಿಲ್ಲುತ್ತದೆ.

ಇದಕ್ಕೂ ಮಿಗಿಲಾದ ಸೋಜಿಗವೊಂದುಂಟು. ನಾಯಿಯ ಅಂಡವು ಅಂಡಾಶಯದಿಂದ ಹೊರಬಿದ್ದಾಗ ಇನ್ನೂ ಬಲಿತಿರುವುದಿಲ್ಲ. ಅದಕ್ಕೆ ಮತ್ತೆ ಎರಡು ಮೂರು ದಿನ ಬೇಕು. ವೀರ್ಯಾಣುಗಳೋ ಹೆಣ್ಣಿನ ದೇಹದಲ್ಲಿ ಸುಮಾರು ಒಂದು ವಾರ ಜೀವದಿಂದಿದ್ದು ಕಾಯಬಲ್ಲವು. ಆದುದರಿಂದ ಲೆಕ್ಕ ನಾಲ್ಕು ದಿನ ಆಚೀಚೆಯಾದರೂ ಗರ್ಭ ನಿಲ್ಲುತ್ತದೆ. ಮೊದಲ ರಕ್ತಬಿಂದು ಕಂಡಂದಿನಿಂದ ಮೂರು ವಾರಕ್ಕೆ ಕಡಿಮೆಯಿಲ್ಲದೆ, ಬಾವು ಪೂರ್ತಿ ಇಳಿಯುವವರೆಗೂ, ನಾಯಿಯನ್ನು ಕಾಯತಕ್ಕದ್ದು.

ಇನ್ನೊಂದು ಮಾತು. ಕೂಡಿದ ನಾಯಿಗಳು ಬೆನ್ನಿಗೆ ಬೆನ್ನು ತಿರುಗಿಸಿ ಅಂಟಿಕೊಂಡು ನಿಂತಾಗ ಹುಡುಗರು ಕಲ್ಲೆಸೆಯುವುದನ್ನು ನಾವೆಲ್ಲ ನೋಡಿದ್ದೇವೆ. ಗಂಡಿನ ಅಂಗದ ಬುಡ ಊದಿಕೊಂಡಿರುವುದರಿಂದ ಅವು ಬಿಡಿಸಿಕೊಳ್ಳಲಾರವು. ಐದು ನಿಮಿಷದಿಂದ ಅರ್ಧ ಗಂಟೆಯೊಳಗೆ ಊತವಿಳಿದು ತಾವಾಗಿಯೇ ಬೇರೆಯಾಗುತ್ತವೆ. ಬಲವಂತದಿಂದ ಎಳೆದರೆ ಎರಡಕ್ಕೂ ಗಾಯ. ಇದನ್ನು ಆಟವೆನ್ನಲಾಗದು, ಶುದ್ಧ ಕ್ರೌರ್ಯ.

ಮರಿ ಬೇಕೆನ್ನುವವರಿಗೂ ಇದೇ ಲೆಕ್ಕ ಮುಖ್ಯ. ಘಟಪ್ರಭೆಯ ಸೀಮೆಯ ಮುಧೋಳದ ಬೇಟೆನಾಯಿ ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಮೂಡಿದ ತಳಿ. ಅದರ ಸಂರಕ್ಷಣೆಗೆಂದೇ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರವೊಂದು ಮುಧೋಳದ ಬಳಿಯ ತಿಮ್ಮಾಪುರದಲ್ಲಿದೆ. ಇಂಥ ತಳಿಯ ಹೆಣ್ಣು ರಕ್ತ ನಿಂತ ಮೇಲೆ ಬೀದಿನಾಯಿಯೊಡನೆ ಕೂಡಿದರೆ ಮರಿಗಳಲ್ಲಿ ತಳಿಯ ಶುದ್ಧಿ ಹೋಯಿತು; ಮುಂದಿನ ಬೆದೆಗೆ ಸಾಮಾನ್ಯವಾಗಿ ಆರೇಳು ತಿಂಗಳು ಕಾಯಬೇಕು. ನಾಯಿಯಲ್ಲಿ ಪ್ರೊಜೆಸ್ಟಿರಾನ್ ಹಾರ್ಮೋನು ಅಂಡ ಬೀಳುವ ಮುಂಚಿನಿಂದಲೇ ಏರತೊಡಗುವುದರಿಂದ, ರಕ್ತಪರೀಕ್ಷೆಯಿಂದ ವೈದ್ಯರು ತಕ್ಕ ದಿನವನ್ನು ಗೊತ್ತುಮಾಡಬಲ್ಲರು.

ಬೆಕ್ಕಿನ ರೀತಿಯೇ ಬೇರೆ. ತುಂಗಭದ್ರೆಯ ಕಾಲುವೆಯಿಂದ ಭತ್ತ ಬೆಳೆಯುವ ಸಿಂಧನೂರು ಸೀಮೆಯಲ್ಲಿ ಇಲಿಗಳಿಗೆ ಬರವಿಲ್ಲ; ಬೆಕ್ಕಿಗೂ ಮನ್ನಣೆಯುಂಟು. ಬೆದೆಗೆ ಬಂದ ಬೆಕ್ಕಿನಲ್ಲಿ ರಕ್ತ ಕಾಣುವುದಿಲ್ಲ. ಅದು ನೆಲದಲ್ಲಿ ಹೊರಳುತ್ತದೆ, ಇರುಳೆಲ್ಲ ಕೂಗುತ್ತದೆ, ಸೊಂಟವೆತ್ತಿ ಹಿಂಗಾಲುಗಳಿಂದ ತುಳಿದಾಡುತ್ತದೆ. ಹೊಟ್ಟೆನೋವೆಂದು ಮನೆಯವರು ಗಾಬರಿಯಾಗುವುದುಂಟು. ಅಂಡವು ಸಾಮಾನ್ಯವಾಗಿ ತಾನಾಗಿ ಬೀಳದು. ಸಂಗಮದ ಪ್ರಚೋದನೆಯಿಂದ ಮಿದುಳಿಗೆ ಸುದ್ದಿ ಮುಟ್ಟಿ, ಒಂದೆರಡು ದಿನಗಳಲ್ಲಿ ಬೀಳುತ್ತದೆ. ಗಂಡು ಸಿಗದಿದ್ದರೆ ಎರಡು ಮೂರು ವಾರಗಳಿಗೊಮ್ಮೆ ಅದೇ ಕೂಗು ಮರಳುತ್ತದೆ.

ಬೆಕ್ಕಿನ ಗಡಿಯಾರ ಬೆಳಕು. ಹಗಲು ಕುಗ್ಗಿದರೆ ಅದರ ಬೆದೆ ನಿಲ್ಲುತ್ತದೆ. ಹಗಲಿನ ಲೆಕ್ಕ ನಮ್ಮ ಕಸುಬಿಗೆ ಹತ್ತಿರವಾದುದರಿಂದ ಹಾಕಿ ನೋಡಿದೆವು. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ೮ ಗಂಟೆಗೂ ಕಡಿಮೆ. ಅಲ್ಲಿನ ಬೆಕ್ಕಿಗೆ ಚಳಿಗಾಲ ಬಿಡುವು. ಸುಮಾರು ೧೬ ಡಿಗ್ರಿ ಉತ್ತರ ಅಕ್ಷಾಂಶದ ಸಾಲಗುಂದದಲ್ಲಿ ಅತಿ ಚಿಕ್ಕ ಹಗಲೂ ೧೧ ಗಂಟೆಗೆ ತುಸು ಹೆಚ್ಚು. ಅತಿ ದೊಡ್ಡದು ೧೩ ಗಂಟೆ. ಬಿಡುವಿಗೆ ಆಸ್ಪದವೇ ಇಲ್ಲ.

ವಿದ್ಯಾರ್ಥಿಗೆ ಇಷ್ಟನ್ನೂ ಹೇಳಿ, ಒಂದು ಎಚ್ಚರಿಕೆಯನ್ನೂ ಕೊಟ್ಟೆವು. ಬೆದೆ ಕಳೆದ ಕೆಲವು ವಾರಗಳಲ್ಲಿ ನಾಯಿ ಹೆಚ್ಚು ನೀರು ಕುಡಿದು, ಮೇವು ಬಿಟ್ಟು ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು, ಅದು ಪ್ರಾಣಾಂತಿಕ. ಮರಿ ಬೇಡವಾದರೆ ಅಂಡಾಶಯ, ಗರ್ಭಕೋಶಗಳನ್ನು ತೆಗೆಸುವ ಶಸ್ತ್ರಚಿಕಿತ್ಸೆಯಿಂದ ಆ ಭಯವೂ ಹೋಗುತ್ತದೆ. ಬೆದೆಯಲ್ಲಿ ರಕ್ತನಾಳಗಳು ಉಬ್ಬಿರುವುದರಿಂದ ವೈದ್ಯರು ಎರಡು ಬೆದೆಗಳ ನಡುವಣ ಕಾಲವನ್ನೇ ಆರಿಸುತ್ತಾರೆ. ಮರಿ ಹಾಲು ಬಿಟ್ಟ ಮೇಲೆ ತಾಯಿಯನ್ನು ಪಶು ಆಸ್ಪತ್ರೆಗೆ ಒಯ್ಯುವುದಾಗಿ ಅವನು ಹೇಳಿದ್ದಾನೆ. ಉಳಿದ ಆ ಒಂದು ಮರಿಯೂ ಹೆಣ್ಣೇ ಅಂತೆ.