ಕಡಲಿನ ಆಳಕ್ಕೆ ಶಬ್ದವೇ ಅಳತೆಗೋಲು

ಅಪೋಲೋ ಬಂದರಿನ ಕಟ್ಟೆಯ ಮೇಲೆ ನಿಂತು ನೋಡುವ ನಮಗೆ ಮುಂಬಯಿಯ ಕಡಲು ಒಂದೇ ಸಮನಾದ ಬಯಲಿನಂತೆ ತೋರುತ್ತದೆ. ಆದರೆ ನೀರಿನಡಿಯಲ್ಲಿ ಬಂಡೆಗಳುಂಟು, ಕೆಸರುಂಟು, ದೊಡ್ಡ ಹಡಗುಗಳಿಗಾಗಿ ಹೂಳೆತ್ತಿ ತೋಡಿದ ದಾರಿಯೂ ಉಂಟು. ಆ ದಾರಿಯ ಆಳವನ್ನು ತಪ್ಪಾಗಿ ಅಳೆದರೆ ಹಡಗು ನೆಲ ಕಚ್ಚೀತು.

ಹಿಂದೆ ನಾವಿಕರು ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಆಳವನ್ನು ಮಾರುಗಳಲ್ಲಿ ಎಣಿಸುತ್ತಿದ್ದರು. ಈಗ ಆ ಕೆಲಸವನ್ನು ಸೋನಾರ್ ಯಂತ್ರ ಮಾಡುತ್ತದೆ. ದೋಣಿಯ ತಳದಿಂದ ಹೊರಟ ಶಬ್ದ ಕಡಲಿನ ತಳಕ್ಕೆ ತಾಗಿ ಮಾರ್ದನಿಯಾಗಿ ಮರಳುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಸೆಕೆಂಡಿನ ನೂರನೆಯ ಎರಡು ಭಾಗದಲ್ಲಿ ಮಾರ್ದನಿ ಬಂದರೆ ಶಬ್ದ ನಡೆದ ದೂರ 30 ಮೀಟರ್. ಅದರಲ್ಲಿ ಹೋದದ್ದು ಅರ್ಧ, ಬಂದದ್ದು ಅರ್ಧ. ಆಳ 15 ಮೀಟರ್!

ಲೆಕ್ಕವೇನೋ ಸುಲಭ, ತೊಡಕಿರುವುದು ನೀರಿನಲ್ಲಿ. ನೀರು ಬೆಚ್ಚಗಿದ್ದು ಉಪ್ಪು ಹೆಚ್ಚಿದ್ದರೆ ಶಬ್ದ ಬೇಗ ಸಾಗುತ್ತದೆ. ಮಳೆಗಾಲದಲ್ಲಿ ಸಿಹಿನೀರು ಬೆರೆತಾಗ ನಿಧಾನಿಸುತ್ತದೆ. ಬೇಸಿಗೆಯ ವೇಗವನ್ನೇ ಹಿಡಿದು ಮಳೆಗಾಲದಲ್ಲಿ ಅಳೆದರೆ, ಇಲ್ಲದ ಆಳವನ್ನು ಯಂತ್ರ ಇದೆಯೆಂದು ತೋರಿಸುತ್ತದೆ. ವೇಗದಲ್ಲಿ ನೂರಕ್ಕೆ ಎರಡರಷ್ಟು ವ್ಯತ್ಯಾಸವಾದರೂ 15 ಮೀಟರಿಗೆ 30 ಸೆಂಟಿಮೀಟರು, ಅಂದರೆ ಸುಮಾರು ಒಂದು ಅಡಿ ತಪ್ಪುತ್ತದೆ. ಇದಕ್ಕಾಗಿ ಲೋಹದ ಹಲಗೆಯೊಂದನ್ನು ಸರಪಳಿಯಿಂದ ಗೊತ್ತಾದ ಆಳಕ್ಕೆ ಇಳಿಸಿ, ಯಂತ್ರವೂ ಅಷ್ಟನ್ನೇ ಹೇಳುತ್ತದೆಯೋ ಎಂದು ಪರೀಕ್ಷಿಸುವ ಪದ್ಧತಿಯಿದೆ.

ಎರಡನೆಯ ತೊಡಕು ಭರತಿ-ಇಳಿತಗಳದು. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಮುಂಬಯಿಯಲ್ಲಿ ನೀರು ನಾಲ್ಕು ಮೀಟರಿಗೂ ಮಿಕ್ಕಿ ಏರುವುದುಂಟು. ಬೆಳಗ್ಗೆ ಅಳೆದ ಆಳ ಮಧ್ಯಾಹ್ನಕ್ಕೆ ಸುಳ್ಳಾಗುತ್ತದೆ. ಆದುದರಿಂದ ಅಳೆದ ಹೊತ್ತಿನ ಭರತಿಯ ಎತ್ತರವನ್ನು ಕಳೆದು, ಇಳಿತದ ತೀರ ತಗ್ಗು ಮಟ್ಟದಿಂದಲೇ ನಕ್ಷೆಯಲ್ಲಿ ಆಳವನ್ನು ಗುರುತಿಸುತ್ತಾರೆ.

ಮೂರನೆಯದು ಕೆಸರು. ಕೀಚಲು ಶಬ್ದ ಮೆತ್ತನೆಯ ಕೆಸರಿನ ಮೇಲ್ಮೈಯಿಂದಲೇ ಹಿಂತಿರುಗಿದರೆ, ತಗ್ಗು ಸ್ಥಾಯಿಯ ಶಬ್ದ ಒಳಹೊಕ್ಕು ಗಟ್ಟಿ ಪದರವನ್ನು ಮುಟ್ಟಿ ಬರುತ್ತದೆ. ಎರಡನ್ನೂ ಕೇಳಿಸಿಕೊಂಡರೆ ಕೆಸರು ಎಷ್ಟು ದಪ್ಪವೆಂಬುದೂ ತಿಳಿಯುತ್ತದೆ.

ಇದರ ಬೆಲೆ ಮುಂಬಯಿಗೆ 2010ರಲ್ಲಿ ಮನವರಿಕೆಯಾಯಿತು. ಆಗಸ್ಟ್ 7ರಂದು ಎಂ.ಎಸ್.ಸಿ. ಚಿತ್ರಾ ಮತ್ತು ಖಲೀಜಿಯಾ-3 ಎಂಬ ಹಡಗುಗಳು ಬಂದರಿನ ಬಾಯಲ್ಲಿ ಡಿಕ್ಕಿ ಹೊಡೆದು, ಚಿತ್ರಾದ ನೂರಾರು ಕಂಟೇನರುಗಳು ಕಡಲಿಗೆ ಬಿದ್ದವು. ತೇಲುವುದು ಕಣ್ಣಿಗೆ ಕಂಡೀತು. ಮುಳುಗಿದ್ದನ್ನು ಕಾಣುವುದು ಹೇಗೆ? ಹಡಗುಗಳ ಸಂಚಾರ ಹಲವು ದಿನ ನಿಂತಿತು. ನೌಕಾದಳದವರು ಸೋನಾರ್‌ನಿಂದ ತಳವನ್ನು ಶೋಧಿಸಬೇಕಾಯಿತು.

ಮಂಗಳೂರಿನಿಂದ ಹಡಗೇರಿ ಈ ಊರಿಗೆ ಬಂದ ಹಿರಿಯರು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದ್ದರು. ಅವರನ್ನು ಕ್ಷೇಮವಾಗಿ ದಡ ಸೇರಿಸಿದವರಲ್ಲಿ ಕಪ್ತಾನನೊಡನೆ, ಮೊದಲೇ ಆಳವನ್ನು ಅಳೆದು ನಕ್ಷೆ ಬರೆದಿಟ್ಟವರೂ ಸೇರಿದ್ದಾರೆ.